ಎಳೆಯುವ ಸುರುಳಿ, ತಳ್ಳುವ ಕೋಲು

ಮನೆಬಾಗಿಲಿನ ಕರೆಗಂಟೆಯ ಗುಂಡಿಯನ್ನು ಒತ್ತಿದಾಗ ‘ಡಿಂಗ್’ ಎಂದೂ ಬಿಟ್ಟಾಗ ‘ಡಾಂಗ್’ ಎಂದೂ ಕೇಳಿಸುತ್ತದಷ್ಟೆ? ಒತ್ತಿದೊಡನೆ ತಂತಿಯ ಸುರುಳಿಯೊಂದು ಪುಟ್ಟ ಕಬ್ಬಿಣದ ಕೋಲನ್ನು ಒಳಕ್ಕೆಳೆಯುತ್ತದೆ. ಕೋಲಿನ ತುದಿ ಒಂದು ಲೋಹಪಟ್ಟಿಯನ್ನು ಬಡಿಯುತ್ತದೆ. ಬಿಟ್ಟೊಡನೆ ಸ್ಪ್ರಿಂಗು ಕೋಲನ್ನು ಹಿಂದಕ್ಕೆ ದೂಡುತ್ತದೆ. ಅದು ಇನ್ನೊಂದು ಪಟ್ಟಿಯನ್ನು ಬಡಿಯುತ್ತದೆ. ಈ ಸುರುಳಿ ಮತ್ತು ಕೋಲುಗಳ ಜೋಡಿಗೆ ಸೊಲೆನಾಯ್ಡ್ ಎಂದು ಹೆಸರು. ಗ್ರೀಕಿನಲ್ಲಿ ‘ಸೊಲೆನ್’ ಎಂದರೆ ಕೊಳವೆ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಅರ್‌ಸ್ಟೆಡ್ 1820ರಲ್ಲಿ ತೋರಿಸಿದ ಬಳಿಕ, ಫ್ರಾನ್ಸಿನ ಆಂಪೇರ್ ಕೊಳವೆಯಾಕಾರದ ಸುರುಳಿಗೆ ಈ ಹೆಸರಿಟ್ಟನು.

ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ವಿಷಯಕ್ಕೆ ಕೈಹಾಕಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬಂಟ್ವಾಳದ ಅಕ್ಕಿ ಗಿರಣಿಗಳಲ್ಲಿ, ಮೂಡುಬಿದಿರೆಯ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಕೆಲವರಿಗೆ ಬೆಳ್ತಂಗಡಿಯಲ್ಲಿ ಅಡಿಕೆ ತೋಟವಿದೆ. ಇವರೆಲ್ಲರ ಯಂತ್ರಗಳಲ್ಲಿಯೂ ಈ ಸುರುಳಿ ಅಡಗಿದೆ. ತೂಕ ಮಾಡಿ ಚೀಲ ತುಂಬುವ ಯಂತ್ರದ ಬಾಗಿಲನ್ನು ತೆರೆಯುವುದು ಅದು. ಕಪ್ಪುಕಾಳನ್ನು ಗಾಳಿಯೂದಿ ಹೊರದೂಡುವ ಬಣ್ಣವಿಂಗಡಕದ ಕವಾಟಗಳನ್ನು ಆಡಿಸುವುದೂ ಅದು. ತೋಟದ ಪಂಪಿನ ಸ್ಟಾರ್ಟರಿನಲ್ಲಿ ‘ಟಕ್’ ಎಂದು ಹಿಡಿದುಕೊಳ್ಳುವ ವಿದ್ಯುತ್ಕಾಂತವು ಅದರ ದಾಯಾದಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಂಗಡಿಯಲ್ಲಿ ‘ಪುಶ್-ಪುಲ್’ ಎಂದು ಮಾರುವ ಸೊಲೆನಾಯ್ಡು ವಿದ್ಯುತ್ತಿನಿಂದ ಎಳೆಯುತ್ತದೆ, ವಿದ್ಯುತ್ತಿನಿಂದಲೇ ತಳ್ಳುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಸಾಮಾನ್ಯವಾದ ಸುರುಳಿಗೆ ಗೊತ್ತಿರುವುದು ಒಂದೇ ಕ್ರಿಯೆ: ಮೆದುಗಬ್ಬಿಣವನ್ನು ತನ್ನ ನಡುವಿಗೆ ಎಳೆದುಕೊಳ್ಳುವುದು. ಹೀಗೆ ಒಳಬರುವ ಕೋಲಿಗೆ ಪ್ಲಂಜರ್ ಎನ್ನುತ್ತಾರೆ. ಅದರ ಹೊರತುದಿಗೆ ಯಂತ್ರದ ಕೊಂಡಿಯನ್ನು ಸಿಕ್ಕಿಸಿದರೆ ಎಳೆತ. ಒಳತುದಿಗೆ ಸಣ್ಣ ಸರಳನ್ನು ಜೋಡಿಸಿ ತಳದ ರಂಧ್ರದಿಂದ ಹೊರಡಿಸಿದರೆ ಅದೇ ಚಲನೆ ತಳ್ಳುವಿಕೆ. ಹಿಂದಿರುಗಿಸುವ ಕೆಲಸ ಸ್ಪ್ರಿಂಗಿನದು ಅಥವಾ ಭಾರದ್ದು.

ಆಯ್ಕೆಯ ಗುಟ್ಟು ಇಲ್ಲಿದೆ. ಸುರುಳಿಯ ಬಲ ಎಲ್ಲೆಡೆಯೂ ಒಂದೇ ಸಮನಲ್ಲ. ಪ್ಲಂಜರು ತನ್ನ ಪೀಠಕ್ಕೆ ಹತ್ತಿರವಾದಷ್ಟೂ ಸೆಳೆತ ಹೆಚ್ಚು. ನಡುವಣ ಅಂತರ ಅರ್ಧಕ್ಕಿಳಿದರೆ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಮಾರಾಟಗಾರನ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಕಾಣುವ ದೊಡ್ಡ ಅಂಕಿ ಅನೇಕ ವೇಳೆ ಕೊನೆಯ ಸ್ಥಾನದ ಬಲ. ಆದರೆ ನಿಂತ ಬಾಗಿಲನ್ನು ಅಲುಗಿಸಬೇಕಾದದ್ದು ಮೊದಲಿನಲ್ಲಿ, ಬಲ ಅತ್ಯಂತ ಕಡಿಮೆಯಿರುವಲ್ಲಿ. ಆದುದರಿಂದ ಮೊದಲು ನಿಮ್ಮ ಚಲನೆ ಎಷ್ಟು ಮಿಲಿಮೀಟರು ಎಂದು ಅಳೆಯಿರಿ. ಅಷ್ಟು ದೂರದಲ್ಲಿ ಬಲವೆಷ್ಟು ಎಂದು ಕೇಳಿರಿ. ಬೇಕಾದುದಕ್ಕಿಂತ ಒಂದೂವರೆ ಪಟ್ಟಾದರೂ ಇರುವುದನ್ನು ಕೊಳ್ಳಿರಿ.

ಈ ಅರ್ಧಪಾಲು ಹೆಚ್ಚಳ ದುಂದಲ್ಲ. ಬೇಸಗೆಯ ಸಂಜೆ ವೋಲ್ಟೇಜು ಇಳಿಯುವುದನ್ನು ನಮ್ಮ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಬಲ ನೂರಕ್ಕೆ 19ರಷ್ಟು ಇಳಿಯುತ್ತದೆ. ಇದರ ಮೇಲೆ ಬಿಸಿಯೂ ಸೇರುತ್ತದೆ. ತಾಮ್ರದ ತಂತಿ 20 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಅದರ ರೋಧ ಹೆಚ್ಚುಕಡಿಮೆ ಕಾಲುಪಾಲು ಏರುತ್ತದೆ. ಏಕಮುಖ ವಿದ್ಯುತ್ತಿನ, ಎಂದರೆ ಡಿ.ಸಿ. ಸುರುಳಿಯಲ್ಲಿ ಆಗ ಪ್ರವಾಹ ಸುಮಾರು ಐದನೆಯ ಒಂದು ಪಾಲು ಕುಗ್ಗುತ್ತದೆ. ಬೆಳಿಗ್ಗೆ ಚುರುಕಾಗಿದ್ದ ಯಂತ್ರ ಮಧ್ಯಾಹ್ನ ಸೋಮಾರಿಯಾಗುವುದರ ರಹಸ್ಯ ಇದೇ.

ಇನ್ನೊಂದು ಪ್ರಶ್ನೆ, ಸುರುಳಿ ಎಷ್ಟು ಹೊತ್ತು ದುಡಿಯಬೇಕು, ಎಷ್ಟು ಹೊತ್ತು ವಿಶ್ರಮಿಸಬೇಕು ಎಂಬುದು. ನೂರಕ್ಕೆ 25ರ ದುಡಿತದ ಸುರುಳಿ ಎಂದರೆ ಒಂದು ಸೆಕೆಂಡು ಹಿಡಿದರೆ ಮೂರು ಸೆಕೆಂಡು ಬಿಡಬೇಕೆಂದು ಅರ್ಥ. ಅದನ್ನು ದಿನವಿಡೀ ಹಿಡಿದೇ ಇರಿಸಿದರೆ ಸುಟ್ಟುಹೋಗುತ್ತದೆ. ಬಿಡದೆ ಹಿಡಿದಿರಬೇಕಾದ ಕಡೆ ನೂರಕ್ಕೆ ನೂರರ ದುಡಿತದ್ದೇ ಬೇಕು.

ಪರ್ಯಾಯ ವಿದ್ಯುತ್ತಿನ, ಎಂದರೆ ಎ.ಸಿ. ಸುರುಳಿಯ ಸ್ವಭಾವ ಬೇರೆ. ಪ್ಲಂಜರು ಹೊರಗಿರುವಾಗ ಅದು ಹಲವು ಪಟ್ಟು ಪ್ರವಾಹವನ್ನು ಸೆಳೆದುಕೊಳ್ಳುತ್ತದೆ. ಪ್ಲಂಜರು ಪೀಠಕ್ಕೆ ಕೂತೊಡನೆ ಪ್ರವಾಹ ತಾನಾಗಿ ಇಳಿಯುತ್ತದೆ. ಅದು ಪೂರ್ತಿ ಕೂರದೆ ನಡುದಾರಿಯಲ್ಲಿ ಸಿಕ್ಕಿಕೊಂಡರೋ, ಪ್ರವಾಹ ಇಳಿಯುವುದೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಸುರುಳಿ ಕರಕಾಗುತ್ತದೆ. ಏಕಮುಖ ವಿದ್ಯುತ್ತಿನ ಸುರುಳಿಗೆ ಈ ಭಯವಿಲ್ಲ. ಆದರೆ ಅದನ್ನು ಆರಿಸುವಾಗ ಏಳುವ ವಿದ್ಯುತ್ತಿನ ಹೊಡೆತವು ಸ್ವಿಚ್ಚಿನ ಮೊನೆಗಳನ್ನು ತಿನ್ನದಂತೆ ಒಂದು ಡಯೋಡನ್ನು ಜೋಡಿಸಬೇಕು.

ನಾನು ಬಲ್ಲ ಒಂದು ಗೇರುಬೀಜದ ಕಾರ್ಖಾನೆಯ ಚೀಲ ತುಂಬುವ ಯಂತ್ರದಲ್ಲಿ ಒಂದೇ ಹಂಗಾಮಿನಲ್ಲಿ ಮೂರು ಸುರುಳಿಗಳು ಸುಟ್ಟುಹೋದವು. ಪ್ರತಿಸಲವೂ ಹೊಸ ಸುರುಳಿ ತಂದರು, ತಯಾರಕನನ್ನು ಬೈದರು. ಯಂತ್ರ ನಿಂತ ದಿನಗಳಲ್ಲಿ ಅಲ್ಲಿ ದುಡಿಯುವ ಹೆಂಗಸರು ಮಧ್ಯಾಹ್ನಕ್ಕೇ ಬರಿಗೈಯಲ್ಲಿ ಮನೆಗೆ ನಡೆದರು. ನಾಲ್ಕನೆಯ ಸುರುಳಿಯನ್ನು ಹಾಕುವ ಮೊದಲು ನನ್ನ ವಿದ್ಯಾರ್ಥಿಯಾಗಿದ್ದ ತರುಣನೊಬ್ಬ ವಿದ್ಯುತ್ತನ್ನು ಕಡಿದು, ಪ್ಲಂಜರನ್ನು ಬೆರಳಿನಿಂದ ಒತ್ತಿ ನೋಡಿದ. ಕೊನೆಯ ಎರಡು ಮಿಲಿಮೀಟರಿನಲ್ಲಿ ಅದು ತಡೆಯುತ್ತಿತ್ತು. ಯಾರೋ ಸದುದ್ದೇಶದಿಂದ ಹಚ್ಚಿದ ಗ್ರೀಸಿಗೆ ಬೀಜದ ಸಿಪ್ಪೆಯ ಹುಡಿ ಅಂಟಿ ಅರಗಿನಂತಾಗಿತ್ತು. ಒರಸಿದ ಮೇಲೆ ಆ ಸುರುಳಿ ಸುಡಲಿಲ್ಲ. ಸುಟ್ಟ ಸುರುಳಿ ರೋಗವಲ್ಲ, ರೋಗದ ಲಕ್ಷಣ. ಪ್ಲಂಜರಿನ ಚಲನೆ ಪೂರ್ಣಗೊಳ್ಳದಿರುವುದೇ ರೋಗ.

ಪಾಲನೆಯ ಸೂತ್ರಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ತಯಾರಕರು ಹೇಳಿದ ಹೊರತು ಪ್ಲಂಜರಿಗೆ ಎಣ್ಣೆ, ಗ್ರೀಸು ಹಚ್ಚಬಾರದು, ಒಣಬಟ್ಟೆಯಿಂದ ಒರಸಬೇಕು. ಕೊಂಡಿ ನೇರವಾಗಿರಬೇಕು, ಓರೆಯಾಗಿ ಎಳೆದರೆ ಪ್ಲಂಜರು ಕೊಳವೆಯ ಒಂದು ಮಗ್ಗುಲನ್ನೇ ಸವೆಸುತ್ತದೆ. ಪೀಠದ ಬಳಿ ಹಿತ್ತಾಳೆಯ ತೆಳು ಬಿಲ್ಲೆಯಿದ್ದರೆ ಅದನ್ನು ಬೇಡದ ವಸ್ತುವೆಂದು ಎಸೆಯಬಾರದು. ವಿದ್ಯುತ್ ಹೋದ ಬಳಿಕವೂ ಉಳಿಯುವ ಕಾಂತತ್ವದಿಂದ ಪ್ಲಂಜರು ಅಂಟಿಕೊಳ್ಳದಂತೆ ತಡೆಯುವುದು ಅದೇ. ಎ.ಸಿ. ಸುರುಳಿಯ ಗುಂಯ್‌ಗುಡುವಿಕೆ ಹೆಚ್ಚಿತೆಂದರೆ ಪೀಠದಲ್ಲಿ ಕೊಳೆ ಕೂತಿದೆ, ವೋಲ್ಟೇಜು ಸಾಲದು, ಇಲ್ಲವೆ ಪೀಠದ ಮುಖದಲ್ಲಿರುವ ತಾಮ್ರದ ಬಳೆ ಬಿರಿದಿದೆ. ಆ ಸದ್ದಿಗೆ ಕಿವಿಗೊಟ್ಟವನಿಗೆ ಮುಂದಿನ ಸಂಕಟ ಮೊದಲೇ ತಿಳಿಯುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ತೇವವೇ ದೊಡ್ಡ ಶತ್ರು. ತಿಂಗಳುಗಟ್ಟಲೆ ನಿಂತ ಯಂತ್ರವನ್ನು ಮಳೆಗಾಲ ಕಳೆದೊಡನೆ ಚಾಲೂ ಮಾಡದೆ, ಸುರುಳಿಯ ಅವಾಹಕತೆಯನ್ನು ಮೆಗ್ಗರಿನಿಂದ ಪರೀಕ್ಷಿಸಿ, ತುಕ್ಕು ಒರಸಿ, ಸ್ಪ್ರಿಂಗನ್ನು ನೋಡಬೇಕು. ಸುರುಳಿ ಹೊಸದಿರುವಾಗಲೇ ಅದರ ರೋಧವನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಲೇಸು. ಮುಂದೆ ಅಳೆದಾಗ ಅಂಕಿ ಇಳಿದಿದ್ದರೆ ಒಳಗೆ ತಂತಿಗಳು ಒಂದಕ್ಕೊಂದು ತಗಲಿವೆ ಎಂದು ಊಹಿಸಬಹುದು.

ಕಡೆಯದಾಗಿ ಒಂದು ಎಚ್ಚರಿಕೆ. ವಿದ್ಯುತ್ ಹೋದ ಕ್ಷಣ ಸ್ಪ್ರಿಂಗು ಯಂತ್ರವನ್ನು ಅಪಾಯವಿಲ್ಲದ ಸ್ಥಿತಿಗೇ ಒಯ್ಯುವಂತೆ ಜೋಡಣೆಯಿರಬೇಕು. ಕೈಯಿಡುವ ಮುನ್ನ ಸ್ವಿಚ್ಚು ಆರಿಸಿದರೆ ಸಾಲದು. ವಿದ್ಯುತ್ತನ್ನು ಮೂಲದಲ್ಲೇ ಕಡಿದು, ಗಾಳಿಯ ಒತ್ತಡವಿದ್ದರೆ ಅದನ್ನೂ ಬಿಟ್ಟು, ಬೇರೊಬ್ಬರು ಹಾಕದಂತೆ ಬೀಗವಿಕ್ಕಬೇಕು. ಸುರುಳಿಗೆ ಬೆಲೆ ಕಟ್ಟಬಹುದು, ಬೆರಳಿಗೆ ಕಟ್ಟಲಾಗದು.