ಹತ್ತು ಮಿಲಿಮೀಟರ್ ಚರ್ಮದ ಮೇಲೆ ನಿಂತ ಆಟ

ಮಾರ್ಕರಣ್ಣ ಮೊದಲು ಕೇಳುವುದು ಸ್ನೂಕರ್ ಕ್ಯೂ ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ ಎಂದಲ್ಲ. ಎಷ್ಟು ಕಾಲದಿಂದ ಮೂಲೆಗೆ ಒರಗಿಸಿ ಇಟ್ಟಿದ್ದಿರಿ ಎಂದು. ನಾವು ತಡವರಿಸುವಷ್ಟರಲ್ಲಿ ಕೋಲನ್ನು ಟೇಬಲ್ಲಿನ ಮೇಲೆ ಉರುಳಿಸಿ, ಅದು ನೇರವಾಗಿದೆಯೋ ಬಾಗಿದೆಯೋ ನೋಡಿಕೊಂಡಿರುತ್ತಾರೆ. ಆಮೇಲೆ ತುದಿಯ ಚರ್ಮವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ, "ಕಲ್ಲಾಗೋಗೈತೆ ಸಾರ್. ಚಾಕ್ ನಿಲ್ಲಾಕಿಲ್ಲ. ತೆಗೆದಾಕ್ಬೇಕು" ಎಂದು ತೀರ್ಪು ಕೊಡುತ್ತಾರೆ.

ಅವರು ಕೂರುವುದು ಕೋಲಾರದ ಒಂದು ಮಹಡಿ ಕೋಣೆಯಲ್ಲಿ. ಕೆಳಗೆ ಅಂಗಡಿ ಸಾಲು, ಮೇಲೆ ಎರಡು ಪೂಲ್ ಟೇಬಲ್ಲು ಮತ್ತು ಒಳಗಿನ ಭಾಗದಲ್ಲಿ ಒಂದೇ ಒಂದು ಪೂರ್ಣ ಅಳತೆಯ ಸ್ನೂಕರ್ ಟೇಬಲ್ಲು. ನಮ್ಮ ಜಿಲ್ಲೆಯಲ್ಲಿ ಮಾಲೂರಿಗೆ ಹೆಂಚು, ಶ್ರೀನಿವಾಸಪುರಕ್ಕೆ ಮಾವು, ಮುಳಬಾಗಿಲಿಗೆ ದೋಸೆ ಎಂದು ಒಂದೊಂದು ಊರಿಗೆ ಒಂದೊಂದು ಹೆಸರಿದೆ. ಸ್ನೂಕರ್ ಯಾರ ಪಟ್ಟಿಯಲ್ಲೂ ಇಲ್ಲ. ಆದರೂ ಈ ಮೂರೂ ಊರುಗಳಿಂದ ಶನಿವಾರ, ಭಾನುವಾರ ಬಸ್ಸು ಹತ್ತಿ ಬರುವ ಹುಡುಗರಿದ್ದಾರೆ. ಪೂಲ್ ಆಡಿ ಬೇಸರವಾದವರು ನಿಧಾನವಾಗಿ ಒಳಗಿನ ಟೇಬಲ್ಲಿಗೆ ಬಡ್ತಿ ಪಡೆಯುತ್ತಾರೆ. ನಾನು ಹೋದದ್ದು ಬಡ್ತಿಗಲ್ಲ, ಬಿಟ್ಟುಹೋದ ಆಟವನ್ನು ಮತ್ತೆ ಹಿಡಿಯಲು. ಅದಕ್ಕೆ ಬೇಕಾಗಿದ್ದದ್ದು ಕ್ಯೂ ತುದಿಗೆ ಒಂದು ಹೊಸ ಚರ್ಮದ ಬಿಲ್ಲೆ, ಅಂದರೆ ಟಿಪ್ಪು.

ಮಾರ್ಕರ್ ಎಂದರೆ

ಕ್ಲಬ್ಬಿನ ಮೆಟ್ಟಿಲು ಹತ್ತದವರಿಗೆ ಮಾರ್ಕರ್ ಯಾರೆಂದು ತಿಳಿದಿರಲಾರದು. ಗೋಡೆಯ ಹಲಗೆಯಲ್ಲಿ ಪಾಯಿಂಟ್ ಸರಿಸುವುದು ಅವನ ಕೆಲಸಗಳಲ್ಲಿ ಒಂದು ಮಾತ್ರ. ಬೆಳಗ್ಗೆ ಟೇಬಲ್ಲಿನ ಉಣ್ಣೆ ಬಟ್ಟೆಯನ್ನು ಬ್ರಷ್ ಮಾಡಿ, ಇಸ್ತ್ರಿ ಹಾಕಿ, ಅದರ ಎಳೆಯನ್ನು ಒಂದೇ ದಿಕ್ಕಿಗೆ ಮಲಗಿಸುವವನು ಅವನು. ಚೆಂಡು ಜೋಡಿಸುವವನು, ಜೊತೆಯಿಲ್ಲದೆ ಬಂದ ಸದಸ್ಯರಿಗೆ ಜೊತೆಯಾಗಿ ಆಡುವವನು, ಸಾಹೇಬರ ಮನಸ್ಸು ನೋಯದಂತೆ ಅವರ ತಪ್ಪು ತಿದ್ದುವವನೂ ಅವನೇ. ಕೋಚ್ ಎಂಬ ಹುದ್ದೆ ಬರುವ ಮುಂಚೆ ಈ ದೇಶದಲ್ಲಿ ಆಟ ಕಲಿಸಿದವರು ಮಾರ್ಕರುಗಳೇ. ದಾಖಲೆಗಳಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದು ಅಪರೂಪ.

ನಮ್ಮ ಮಾರ್ಕರಣ್ಣನ ತಂದೆ ಚಿನ್ನದ ಗಣಿಯ ಊರು ಕೆಜಿಎಫ್‌ನವರು. ಹಗಲು ಗಣಿ ಆಫೀಸಿನಲ್ಲಿ ಜವಾನಿಕೆ, ಸಂಜೆ ದೊರೆಗಳ ಬಿಲಿಯರ್ಡ್ಸ್ ಕೋಣೆಯಲ್ಲಿ ಚೆಂಡು ಎತ್ತಿಕೊಡುವ ಕೆಲಸ ಎಂದು ಇವರು ಹೇಳುತ್ತಾರೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿಗೆ ಬಂದ ಮೇಲೆ ಬ್ರಿಟಿಷ್ ಎಂಜಿನಿಯರುಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಒಂದರ ಹಿಂದೆ ಒಂದು ಬಂದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. "ಊರಾಗೆ ದೀಪ ಇಲ್ದಿರೋ ಕಾಲ್ದಾಗೆ ಟೇಬಲ್ ಮ್ಯಾಗೆ ಕರೆಂಟ್ ದೀಪ ಇತ್ತಂತೆ" ಎಂದು ಮಾರ್ಕರಣ್ಣ ತಂದೆಯ ಮಾತನ್ನು ನೆನೆಯುತ್ತಾರೆ. ಇವರು ಬೆಂಗಳೂರಿನ ಕ್ಲಬ್ಬುಗಳಲ್ಲಿ ದುಡಿದು ಊರಿಗೆ ಮರಳಿದವರು. ಅಷ್ಟು ಹೊತ್ತಿಗೆ, 2001ರ ಫೆಬ್ರುವರಿ 28ಕ್ಕೆ, ಗಣಿಯ ಬಾಗಿಲು ಮುಚ್ಚಿತ್ತು.

ಸ್ನೂಕರ್ ಕೂಡ ಪರದೇಶದ ಸರಕಲ್ಲ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಎಳೆಯ ಅಧಿಕಾರಿ ಬಿಲಿಯರ್ಡ್ಸ್ ಟೇಬಲ್ಲಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿಸಿದ್ದು ಇದರ ಮೂಲ. ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ಊಟಿ ಕ್ಲಬ್ಬಿನಲ್ಲಿ. ಮೈಸೂರು ಸೀಮೆಯ ಗಡಿಯಿಂದ ಒಂದು ಘಾಟಿ ಹತ್ತಿದರೆ ಸಾಕು. ಇಂಗ್ಲೆಂಡಿಗೆ ಆಟ ಹೋದದ್ದು ಆಮೇಲೆ.

ಸೆರೆಮನೆಯಿಂದ ಬಂದ ಚರ್ಮ

ಚರ್ಮದ ತುದಿಯ ಕಥೆ ಅದಕ್ಕೂ ಹಳೆಯದು. ಮೊದಲು ಕ್ಯೂ ಎಂದರೆ ಬರಿಯ ಮರದ ಕೋಲು. ಚೆಂಡಿನ ನಟ್ಟನಡುವೆ ಹೊಡೆದರೆ ಸರಿ, ಸ್ವಲ್ಪ ಆಚೆ ಈಚೆ ತಾಗಿದರೆ ಜಾರಿತು. ಫ್ರಾನ್ಸಿನ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೋ ಎಂಬವನು ಸೆರೆಮನೆಯಲ್ಲಿದ್ದಾಗ ತುದಿಗೆ ಚರ್ಮದ ಬಿಲ್ಲೆ ಅಂಟಿಸಿ ಅಭ್ಯಾಸ ಮಾಡಿದನಂತೆ. ಬಿಡುಗಡೆಯ ದಿನ ಬಂದಾಗ, ಅಭ್ಯಾಸ ಮುಗಿದಿಲ್ಲ, ಇನ್ನಷ್ಟು ದಿನ ಇಲ್ಲೇ ಇಟ್ಟುಕೊಳ್ಳಿ ಎಂದು ಬೇಡಿಕೊಂಡ ಎಂಬ ದಂತಕಥೆಯೂ ಉಂಟು. ಅವನ ಹೊಡೆತಗಳ ಪುಸ್ತಕ 1827ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಚೆಂಡನ್ನು ಹಿಂದಕ್ಕೆ ಎಳೆದುಕೊಳ್ಳುವ ಸ್ಕ್ರೂ, ಪಕ್ಕಕ್ಕೆ ತಿರುಗಿಸುವ ಸೈಡ್, ಇವತ್ತಿನ ಆಟದ ಅರ್ಧಕ್ಕರ್ಧ ಮಾಯೆಯೆಲ್ಲ ಆ ಬಿಲ್ಲೆಯಿಂದ ಸಾಧ್ಯವಾದದ್ದು.

ಲೆಕ್ಕ ಬೇಕೆನ್ನುವವರಿಗೆ: ಸ್ನೂಕರ್ ಚೆಂಡಿನ ಅಡ್ಡಳತೆ 52.5 ಮಿ.ಮೀ. ಟಿಪ್ಪಿನದು ಸಾಮಾನ್ಯವಾಗಿ 9ರಿಂದ 10. ಒಳ್ಳೆಯ ಟಿಪ್ಪು, ಒಳ್ಳೆಯ ಚಾಕ್ ಇದ್ದರೂ ಚೆಂಡಿನ ನಡುವಿನಿಂದ ಸುಮಾರು 13 ಮಿ.ಮೀ. ದಾಟಿ ಹೊಡೆದರೆ ಕ್ಯೂ ಜಾರುತ್ತದೆ, ಅದೇ ಮಿಸ್‌ಕ್ಯೂ. ಚರ್ಮ ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಮಾತ್ರ. 12 ಅಡಿ ಉದ್ದದ ಟೇಬಲ್ಲಿನ ಆ ತುದಿಯಲ್ಲಿ ಏನಾಗಬೇಕೆಂಬುದು ಅಷ್ಟರಲ್ಲೇ ನಿಶ್ಚಯವಾಗಿಬಿಡುತ್ತದೆ.

ಹಾಕುವ ಬಗೆ

ಮಾರ್ಕರಣ್ಣನ ಡಬ್ಬಿಯಲ್ಲಿ ನೀಲಿಬಣ್ಣದ ಎಲ್ಕ್ ಮಾಸ್ಟರ್ ಟಿಪ್ಪುಗಳಿವೆ. ಒಂದು ಡಬ್ಬಿಗೆ 50 ಬರುತ್ತವೆ. ಎಲ್ಲ ಒಂದೇ ಅಳತೆ, ಆದರೆ ಒಂದೇ ಗುಣವಲ್ಲ. ಒಂದೊಂದನ್ನೇ ಗ್ರಾನೈಟ್ ಕಟ್ಟೆಯ ಮೇಲೆ ಬೀಳಿಸಿ ಸದ್ದು ಕೇಳುತ್ತಾರೆ. ಮಂಕಾಗಿ ಬಿದ್ದದ್ದು ಮೆತ್ತಗಿನದು, ಒಂದು ವಾರದಲ್ಲಿ ಹರಡಿಕೊಳ್ಳುತ್ತದೆ. 'ಟಿಣ್' ಎಂದದ್ದು ಗಟ್ಟಿ. ಎರಡರ ನಡುವಿನ ಸದ್ದು ಮಾಡುವ ನಾಲ್ಕೈದನ್ನು ಆರಿಸಿ, ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿಯುತ್ತಾರೆ. ಉಳಿದದ್ದು ಯಾರಿಗೆ ಎಂದು ಕೇಳಿದೆ. "ಅಂಗಡಿ ಕ್ಯೂಗೆ" ಎಂದು ನಕ್ಕರು.

ಹಳೆಯ ಟಿಪ್ಪನ್ನು ಒಂದೇ ಏಟಿಗೆ ಕಿತ್ತರೆ ಮರದ ನಾರೂ ಜೊತೆಗೆ ಬರುತ್ತದೆ. ಅದಕ್ಕೇ ಬ್ಲೇಡಿನಿಂದ ಪದರ ಪದರವಾಗಿ ಹೆರೆಯುತ್ತಾರೆ. ಕೆಳಗೆ ಹಿತ್ತಾಳೆಯ ಬಳೆ, ಅದರ ನಡುವೆ ಮರದ ಮುಖ. ಹಳೇ ಗೋಂದಿನ ಕಣವೂ ಉಳಿಯಬಾರದು. ಹೊಸ ಟಿಪ್ಪಿನ ಬೆನ್ನನ್ನು ಸಮತಟ್ಟಾದ ಗಾಜಿನ ಮೇಲಿಟ್ಟ ಮರಳು ಕಾಗದದಲ್ಲಿ ಎಂಟರ ಆಕಾರಕ್ಕೆ ಉಜ್ಜಿ, ಬ್ಲೇಡಿನ ಮೊನೆಯಿಂದ ಸಣ್ಣ ಗೀರು ಎಳೆಯುತ್ತಾರೆ, ಗೋಂದು ಹಿಡಿಯಲಿ ಎಂದು. ಗೋಂದು ಒಂದೇ ಹನಿ. ನೀರಿನಂತೆ ಹರಿಯುವ ಗೋಂದನ್ನು ಚರ್ಮ ಕುಡಿದುಬಿಡುತ್ತದೆ, ಒಳಗೇ ಗಟ್ಟಿಯಾಗುತ್ತದೆ. ಅದಕ್ಕೆ ಮಂದವಾದದ್ದೇ ಬೇಕು. ಟಿಪ್ಪನ್ನು ಇಟ್ಟು, ಬೆರಳಿನಿಂದ ಸುತ್ತ ತಡವಿ ನಡುವಿಗೆ ತಂದು, ಒತ್ತಿ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುವುದಿಲ್ಲ.

ಒಣಗಿದ ಮೇಲೆ ಕ್ಯೂವನ್ನು ತಲೆಕೆಳಗು ಮಾಡಿ, ಟಿಪ್ಪನ್ನು ಹಲಗೆಗೆ ಊರಿ, ಹೊರಗೆ ಚಾಚಿದ ಚರ್ಮವನ್ನು ಹಿತ್ತಾಳೆಯ ಗೆರೆಗೆ ಸರಿಯಾಗಿ ಕೆಳಮುಖವಾಗಿ ಸೀಳುತ್ತಾರೆ. ಬ್ಲೇಡು ಹೊಸದಾಗಿರಬೇಕು. ಪಕ್ಕವನ್ನು ತೇವ ಮಾಡಿ, ಹಳೆಯ ಬೆಲ್ಟಿನ ತುಂಡಿನಲ್ಲಿ ಗಸಗಸ ಉಜ್ಜಿದರೆ ಅಂಚು ಮಿರುಗುತ್ತದೆ, ಬೇಗ ಹಿಗ್ಗುವುದಿಲ್ಲ. ಕೊನೆಗೆ ಅರದಿಂದ ತಲೆಯನ್ನು ಗುಮ್ಮಟ ಮಾಡುವುದು. ಗುಮ್ಮಟ ಎಷ್ಟು? ನಾಣ್ಯವೊಂದನ್ನು ಪಕ್ಕಕ್ಕೆ ಹಿಡಿದು ಬಾಗು ಹೊಂದಿಸುತ್ತಾರೆ. ಅಷ್ಟೇ ಅಳತೆ.

ಬಂಗಾರಪೇಟೆಯಲ್ಲಿ ಜೋಲಾರಪೇಟೆ ಕಡೆಯ ರೈಲು ಹತ್ತಿ ಇನ್ನೂ ಮುಂದೆ ಹೋದರೆ ವಾಣಿಯಂಬಾಡಿ, ಆಂಬೂರು. ದೇಶಕ್ಕೇ ಹೆಸರಾದ ಚರ್ಮದ ಊರುಗಳು. ಆದರೆ ಮಾರ್ಕರಣ್ಣನ ಡಬ್ಬಿಗೆ ಟಿಪ್ಪು ಬರುವುದು ಅಮೆರಿಕದ ಕಂಪನಿಯಿಂದ. ದುಡ್ಡಿದ್ದವರಿಗೆ ಜಪಾನಿನ ಕಾಮುಯಿ. ತೆಳು ಚರ್ಮದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಇಷ್ಟು ಹತ್ತಿರದ ಊರುಗಳ ಚರ್ಮಕ್ಕೆ ಈ ಬಿಲ್ಲೆಯ ಕೆಲಸ ಕಲಿಸುವ ಯೋಚನೆ ಯಾರಾದರೂ ಮಾಡಬಾರದೇ ಎಂಬುದು ಅವರ ಹಳೆಯ ಗೊಣಗಾಟ.

ಪಳಗಿಸುವುದು

ಹಾಕಿದ್ದು ಕಾಲು ಭಾಗ ಕೆಲಸ, ಪಳಗಿಸುವುದು ಮುಕ್ಕಾಲು. ಹೊಸ ಟಿಪ್ಪು ಹೊಸ ಮೆಟ್ಟಿನ ಹಾಗೆ; ತನ್ನ ಇಷ್ಟಕ್ಕೆ ನಮ್ಮನ್ನು ನಡೆಸುತ್ತದೆ. ಚರ್ಮದ ನಾರು ಇನ್ನೂ ಸಡಿಲ. ಪ್ರತಿ ಹೊಡೆತಕ್ಕೂ ಕುಗ್ಗುತ್ತದೆ, ಪಕ್ಕಕ್ಕೆ ಅಣಬೆಯ ಕೊಡೆಯಾಗಿ ಹಿಗ್ಗುತ್ತದೆ, ಹಿಗ್ಗಿದ್ದನ್ನು ಮತ್ತೆ ಕತ್ತರಿಸಬೇಕು. ಚೆಂಡು ನೆನೆದಷ್ಟು ದೂರ ಹೋಗುವುದಿಲ್ಲ. ಅವಸರದವರು ಟಿಪ್ಪನ್ನು ಮೊದಲೇ ಬೆಂಚ್ ವೈಸಿಗೆ ಕೊಟ್ಟು ಹಿಂಡುತ್ತಾರೆ. ಮಾರ್ಕರಣ್ಣ ಒಪ್ಪುವುದಿಲ್ಲ. "ನಿನ್ನ ಏಟಿಗೆ ಅದು ಕುಂತ್ಕೋಬೇಕು, ವೈಸ್ ಏಟಿಗಲ್ಲ."

ಅವರು ಕೊಟ್ಟ ಮನೆಗೆಲಸ ಸರಳ. ಬಿಳಿ ಚೆಂಡೊಂದೇ ಟೇಬಲ್ಲಿನ ಮೇಲೆ. ಕಂದು ಚೆಂಡಿನ ಜಾಗದಿಂದ ನೀಲಿ, ಗುಲಾಬಿ, ಕಪ್ಪು ಚೆಂಡುಗಳ ಗುರುತಿನ ಮೇಲೇ ಹಾಯ್ದು, ಎದುರಿನ ಕುಶನ್ನಿಗೆ ಬಡಿದು, ಅದೇ ಗೆರೆಯಲ್ಲಿ ವಾಪಸು ಬಂದು ಟಿಪ್ಪಿಗೇ ತಾಗಬೇಕು. ಸೈಡ್ ಬೇಡ, ಸ್ಕ್ರೂ ಬೇಡ. ಹೇಳಲು ಸುಲಭ. ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿದು ಬರುತ್ತಿದ್ದಾಗ ನನಗೆ ಅರ್ಥವಾದದ್ದು, ಇದು ಟಿಪ್ಪಿಗೆ ಕೊಟ್ಟ ಪಾಠವಷ್ಟೇ ಅಲ್ಲ. ಮೊಣಕೈ ಹೊರಕ್ಕೆ ತಿರುಗುತ್ತಿತ್ತು. ಬೆನ್ನು ಬಗ್ಗಲು ಒಲ್ಲೆ ಎನ್ನುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಈಗ ಮೂಗಿನ ಮೇಲೊಂದು ಕನ್ನಡಕ ಬಂದಿದೆ. ಗದ್ದವನ್ನು ಕ್ಯೂಗೆ ತಾಗಿಸಿ ನೋಡಿದರೆ ಕಣ್ಣಿಗೆ ಸಿಗುವುದು ಗಾಜಲ್ಲ, ಮೇಲಿನ ಚೌಕಟ್ಟು. 1985ರ ವಿಶ್ವ ಫೈನಲ್ಲಿನಲ್ಲಿ ಸ್ಟೀವ್ ಡೇವಿಸ್‌ನನ್ನು ಕೊನೆಯ ಕಪ್ಪು ಚೆಂಡಿನಲ್ಲಿ 18–17ರಿಂದ ಸೋಲಿಸಿದ ಡೆನಿಸ್ ಟೇಲರ್ ಅಷ್ಟು ದೊಡ್ಡ, ತಲೆಕೆಳಗಾದಂತೆ ಕಾಣುವ ಕನ್ನಡಕ ಹಾಕಿದ್ದು ಯಾಕೆಂದು ಈಗ ತಿಳಿಯಿತು.

ಚರ್ಮ ಕುಳಿತ ದಿನ ಸದ್ದೇ ಬದಲಾಗುತ್ತದೆ. ಅಲ್ಲಿಯವರೆಗೆ 'ಡಬ್' ಎನ್ನುತ್ತಿದ್ದದ್ದು 'ಟಕ್' ಎನ್ನುತ್ತದೆ. ಆಮೇಲೆ ಸೈಡ್ ಹಾಕಲು ಅಪ್ಪಣೆ.

ಟೇಬಲ್ಲು ಸಿಕ್ಕವರು

ಬೆಂಗಳೂರಿನಲ್ಲಿ ಈ ಆಟಕ್ಕೆ ಮನೆಯಿದೆ. ವಸಂತನಗರದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ್ ಸವೂರ್ ಕೈಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2024ರ ನವೆಂಬರ್ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಅದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಹೆಚ್ಚು ಹತ್ತಿರವೆನಿಸುವುದು ಆರ್. ಉಮಾದೇವಿ ಅವರದು. ರಾಜ್ಯ ಸರ್ಕಾರದ ಉದ್ಯೋಗಿಯಾಗಿದ್ದವರು. ಮೂವತ್ತು ದಾಟಿದ ಮೇಲೆ ಕಬ್ಬನ್ ಪಾರ್ಕಿನ ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗಿ, ಅಲ್ಲಿ ಜಾಗ ಸಿಗದೆ ಬಿಲಿಯರ್ಡ್ಸ್ ಕಡೆ ತಿರುಗಿದರು. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಕಚೇರಿ ಮುಗಿಸಿ ಬಂದವರಿಗೆ ಕೈಗೆಟುಕುವಲ್ಲಿ ಒಂದು ಟೇಬಲ್ಲಿತ್ತು ಎಂಬುದು ಆ ಗೆಲುವಿನಲ್ಲಿ ಸಣ್ಣ ಪಾಲಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಸ್ನೂಕರ್ ಪಾರ್ಲರ್ ಎಂದರೆ ಈಗಲೂ ಮನೆಯವರು ಹುಬ್ಬು ಗಂಟಿಕ್ಕುತ್ತಾರೆ. ಸಿಗರೇಟು, ಬಾಜಿ, ಪೋಲಿ ಸಹವಾಸ. ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಹೆಣ್ಣುಮಕ್ಕಳು ಆ ಮೆಟ್ಟಿಲು ಹತ್ತುವ ಮಾತೇ ಇಲ್ಲ. ಸರ್ಕಾರಿ ನೌಕರರ ಭವನದಲ್ಲೋ ಜಿಲ್ಲಾ ಕ್ರೀಡಾಂಗಣದ ಒಂದು ಕೋಣೆಯಲ್ಲೋ ಪೂರ್ಣ ಅಳತೆಯ ಒಂದು ಟೇಬಲ್ಲು, ಅದಕ್ಕೊಬ್ಬ ಸಂಬಳದ ಮಾರ್ಕರ್ ಇದ್ದಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಕೊಡುವ ಮನಸ್ಸಿದ್ದವರೂ ಟೇಬಲ್ಲು ಕೊಡಿಸಿ ಸುಮ್ಮನಾಗುತ್ತಾರೆ. ನೋಡಿಕೊಳ್ಳುವವನಿಲ್ಲದೆ ವರ್ಷದೊಳಗೆ ಬಟ್ಟೆ ಹರಿಯುತ್ತದೆ, ಟಿಪ್ಪುಗಳು ಉದುರುತ್ತವೆ.

ಮಹಡಿ ಕೋಣೆಯ ಮಾಲೀಕರು ದೊಡ್ಡ ಟೇಬಲ್ಲು ತೆಗೆದು ಆ ಜಾಗಕ್ಕೆ ಎರಡು ಪೂಲ್ ಟೇಬಲ್ಲು ಹಾಕುವ ಲೆಕ್ಕದಲ್ಲಿದ್ದಾರೆ. ಬಾಡಿಗೆ ಕಟ್ಟುವವರು ಅವರು, ದೂರುವಂತಿಲ್ಲ. ಪೂಲ್ ಕ್ಯೂಗಳಿಗೆ ತಿರುಪಿನ ಟಿಪ್ಪು ಸಾಕು, ಅದನ್ನು ಯಾರು ಬೇಕಾದರೂ ತಿರುಗಿಸಿ ಹಾಕಬಹುದು. ಮಾರ್ಕರಣ್ಣನನ್ನು ಹೊಸೂರಿನ ಮಗ ಮನೆಗೆ ಬಂದುಬಿಡು ಎಂದು ಕರೆಯುತ್ತಿದ್ದಾನೆ. ಈಗಷ್ಟೇ ಕೈಗೆ ಬಂದ ನನ್ನ ಟಿಪ್ಪು ಸವೆದರೆ ನಾನು ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದೇನು. ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವ ಹುಡುಗ ಒಂದು ಟಿಪ್ಪಿಗಾಗಿ ಅಷ್ಟು ದೂರ ಹೋಗುವುದಿಲ್ಲ. ಆಟವನ್ನೇ ಬಿಡುತ್ತಾನೆ.