ಆಜ್ಞೆಯ ಹೆಸರು ಬದಲಾಯಿತು, ಸಂಬಳದ ಫೈಲು ನಿಂತಿತು

ದುಬೈನಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವ ನಮಗೆ ಈಗ ಎಕ್ಸೆಲ್ ಒಂದೇ ಸಾಲದು. ಹಾಜರಿ, ಓವರ್‌ಟೈಮ್, ಮುಂಗಡದ ಕಡಿತ ಎಲ್ಲವನ್ನೂ ಒಟ್ಟುಗೂಡಿಸಲು ಪೈಥಾನ್ ಭಾಷೆಯ ‘ಪಾಂಡಾಸ್’ ಲೈಬ್ರರಿಯನ್ನು ಬಳಸುತ್ತೇವೆ. ಲೈಬ್ರರಿ ಎಂದರೆ ಸಿದ್ಧ ಆಜ್ಞೆಗಳ ಭಂಡಾರ; ಹೆಸರು ಹಿಡಿದು ಕರೆದರೆ ಕೆಲಸ ಮಾಡಿಕೊಡುತ್ತದೆ. ವೆಸ್ ಮೆಕಿನ್ನಿ 2008ರಲ್ಲಿ ಹಣಕಾಸು ಸಂಸ್ಥೆಯೊಂದರಲ್ಲಿದ್ದಾಗ ಇದನ್ನು ಶುರುಮಾಡಿದರು.

ಆ ಹೆಸರುಗಳೇ ಬದಲಾದರೆ? ಒಂದು ಕೋಷ್ಟಕದ ಕೆಳಗೆ ಇನ್ನೊಂದನ್ನು ಸೇರಿಸಲು ‘ಅಪೆಂಡ್’ ಎಂಬ ಆಜ್ಞೆ ಇತ್ತು. ಅದು ಪ್ರತಿ ಸಲವೂ ಇಡೀ ಕೋಷ್ಟಕವನ್ನು ನಕಲು ಮಾಡುತ್ತಿತ್ತು. ಒಂದು ನಮೂದಿಗಾಗಿ ಇಡೀ ಲೆಡ್ಜರನ್ನೇ ಮತ್ತೆ ಬರೆದ ಹಾಗೆ. 2022ರ ಜನವರಿಯಲ್ಲಿ ಬಂದ 1.4 ಆವೃತ್ತಿ, ‘ಇದನ್ನು ತೆಗೆಯಲಿದ್ದೇವೆ, ಕಾನ್‌ಕ್ಯಾಟ್ ಬಳಸಿ’ ಎಂದು ಎಚ್ಚರಿಸತೊಡಗಿತು. 2023ರ ಏಪ್ರಿಲ್‌ನ 2.0 ಆವೃತ್ತಿಯಲ್ಲಿ ಅಪೆಂಡ್ ಇರಲೇ ಇಲ್ಲ. ಅದೇ ಆಗಸ್ಟ್‌ನಲ್ಲಿ ‘ಅಪ್ಲೈಮ್ಯಾಪ್’ ಹೆಸರು ‘ಮ್ಯಾಪ್’ ಆಯಿತು. ಹಳೆಯ ಹೆಸರಿಗೆ ಎಚ್ಚರಿಕೆಯೊಂದಿಗೆ ಕಾಲಾವಕಾಶ ಸಿಕ್ಕಿತು.

ಹೀಗೆ ಮೊದಲೇ ಹೇಳಿ ಕೈಬಿಡುವುದಕ್ಕೆ ‘ಡೆಪ್ರಿಕೇಷನ್’ ಎನ್ನುತ್ತಾರೆ. ಇದು ನಮ್ಮ ಲೆಕ್ಕದ ಡೆಪ್ರಿಸಿಯೇಷನ್, ಅಂದರೆ ಸವಕಳಿ, ಅಲ್ಲ. ಖಾತೆಯ ಹೆಸರು ಬದಲಾದಾಗ ಹಳೆಯ ಪುಟದಲ್ಲಿ ‘ಮುಂದಿನದು ಇಂಥ ಪುಟದಲ್ಲಿ’ ಎಂದು ಬರೆದಿಡುವ ಪದ್ಧತಿ ಇದು.

ಆ ಬರಹವನ್ನು ಓದದಿದ್ದರೆ ಪೆಟ್ಟು ಬೀಳುವುದು ಸಂಬಳಕ್ಕೆ. ಯುಎಇಯಲ್ಲಿ ಖಾಸಗಿ ಕಂಪನಿಗಳು ವೇತನ ಸಂರಕ್ಷಣಾ ವ್ಯವಸ್ಥೆಯ ಮೂಲಕ, ನಿಗದಿತ ರೂಪದ ಫೈಲು ಕಳಿಸಿ ಸಂಬಳ ಕೊಡಬೇಕು. ನಮಗೆ ಗೊತ್ತಿರುವ ಕಂಪನಿಯೊಂದರಲ್ಲಿ ಹೊಸ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿದರು. ತಿಂಗಳ ಕೊನೆಗೆ ಪ್ರೋಗ್ರಾಂ ‘ಅಪೆಂಡ್ ಎಂಬುದಿಲ್ಲ’ ಎಂದು ನಿಂತುಬಿಟ್ಟಿತು. ಬರೆದ ಹುಡುಗ ಕೆಲಸ ಬಿಟ್ಟಾಗಿತ್ತು. ಎಚ್ಚರಿಕೆಗಳು ಕಣ್ಣಿಗೆ ಬೀಳದಂತೆ ಅದರಲ್ಲೇ ಒಂದು ಸಾಲು ಸೇರಿಸಿದ್ದ! ಕೈಯಲ್ಲೇ ಫೈಲು ಸಿದ್ಧವಾಗಲು ಎರಡು ದಿನ ಹಿಡಿಯಿತು. ಊರಿನಲ್ಲಿ ಸಾಲದ ಕಂತಿಗೆ, ಮಕ್ಕಳ ಫೀಸಿಗೆ ಕಾದವರಿಗೆ ಕಾರಣವೇ ತಿಳಿಯಲಿಲ್ಲ.

ಆಮೇಲೆ ನಮ್ಮ ವಿಭಾಗದಲ್ಲಿ ಮೂರು ರೂಢಿ ಮಾಡಿಕೊಂಡೆವು. ಯಾವ ಆವೃತ್ತಿಯಲ್ಲಿ ಬರೆದದ್ದೆಂದು ಪ್ರೋಗ್ರಾಂ ಜೊತೆಗೇ ನಮೂದಿಸುತ್ತೇವೆ. ಎಚ್ಚರಿಕೆಗಳನ್ನು ಮುಚ್ಚುವುದಿಲ್ಲ. ಹೊಸ ಆವೃತ್ತಿ ಹಾಕುವ ಮೊದಲು ಹಿಂದಿನ ತಿಂಗಳ ಲೆಕ್ಕವನ್ನು ಅದರಲ್ಲಿ ಓಡಿಸಿ, ಮೊತ್ತ ತಾಳೆಯಾಯಿತೇ ನೋಡುತ್ತೇವೆ.

ಪರದೇಶದಲ್ಲಿರುವ ನಿಮ್ಮ ಮಗನೋ ಸೊಸೆಯೋ ‘ವರ್ಷನ್ ಬದಲಾಯಿಸಬೇಕು, ಇವತ್ತು ತಡ’ ಎಂದರೆ, ಅದು ಯಾರದೋ ಮನೆಯ ಸಂಬಳದ ಕೆಲಸವೂ ಇರಬಹುದು.