ಮಳೆಗಾಲದ ಮಡಕೆಗೆ ಸಾಸೇಜು ಮತ್ತು ಕಾಳು

ಆಷಾಢದ ಜಡಿಮಳೆ ಹಿಡಿದು, ಕರೆಂಟು ಕೈಕೊಟ್ಟು, ಪೇಟೆಯ ದಾರಿಗೆ ಮರ ಅಡ್ಡ ಬಿದ್ದಿರುವ ದಿನಗಳಲ್ಲಿ ತೋಟದ ಮನೆಯ ಗೃಹಿಣಿಯರಿಗೆ ಎದುರಾಗುವ ಪ್ರಶ್ನೆ ಒಂದೇ. ಮನೆಯಲ್ಲಿ ಇದ್ದುದರಲ್ಲೇ ಆರೇಳು ಮಂದಿಯ ಹೊಟ್ಟೆ ತುಂಬಿಸಿ ಮೈ ಬೆಚ್ಚಗೆ ಮಾಡುವ ಪದಾರ್ಥ ಯಾವುದು? ಈಚಿನ ವರ್ಷಗಳಲ್ಲಿ ನಮ್ಮ ಸದಸ್ಯರ ಮನೆಗಳಿಗೆ ಹೊಸದೊಂದು ವಸ್ತು ಬರತೊಡಗಿದೆ. ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳು ಸಾಸೇಜಿನ ಪೊಟ್ಟಣ ತರುತ್ತಾರೆ. ಕಾರವಾರದ ಕಡೆಯ ನೆಂಟರು ಗೋವಾದ ಚೋರೀಸಿನ ಮಾಲೆಯನ್ನೇ ತಂದುಕೊಡುತ್ತಾರೆ. ಅದನ್ನು ಎಣ್ಣೆಯಲ್ಲಿ ಹುರಿದು ಒಂದೇ ಹೊತ್ತಿಗೆ ಮುಗಿಸಿಬಿಡುವುದು ವಾಡಿಕೆ. ಅಷ್ಟೇ ಸಾಸೇಜಿನಿಂದ ಒಂದು ದೊಡ್ಡ ಪಾತ್ರೆ ಸ್ಟ್ಯೂ ಆಗುತ್ತದೆ ಎಂಬುದನ್ನೂ, ಅದನ್ನು ಮಾಡುವಾಗ ಎಚ್ಚರ ತಪ್ಪಬಾರದ ಕೆಲವು ಸಂಗತಿಗಳನ್ನೂ ಇಲ್ಲಿ ವಿವರಿಸಲು ಬಯಸಿದ್ದೇವೆ.

ಅಡಿಕೆ ಬೆಳೆಗಾರ ಸದಸ್ಯರಲ್ಲಿ ಬಹುಮಂದಿ ಸಸ್ಯಾಹಾರಿಗಳು ಎಂಬುದು ನಮಗೆ ತಿಳಿಯದ್ದೇನಲ್ಲ. ಅವರು ಪುಟ ಮಗುಚುವ ಮುನ್ನ ಒಂದು ಮಾತು. ಕಾಳು ಬೇಯಿಸುವ ವಿಚಾರವೂ ಲಾಡಿಹುಳುವಿನ ವಿಚಾರವೂ ಅವರಿಗೂ ಅಷ್ಟೇ ಸಂಬಂಧಿಸಿದವು.

ಸಾಸೇಜೆಂದರೆ ಮೂಲತಃ ಮಾಂಸವನ್ನು ಕೆಡದಂತೆ ಇಡುವ ಒಂದು ಉಪಾಯ. ಉಪ್ಪು, ಹುಳಿ, ಮಸಾಲೆ, ಕೊಬ್ಬು, ಕೆಲವೊಮ್ಮೆ ಹೊಗೆ, ಇವೆಲ್ಲ ಒಂದು ಕರುಳಿನ ಚೀಲದಲ್ಲಿ ಸೇರಿರುತ್ತವೆ. ಹೀಗಿರುವಾಗ ಅದನ್ನು ಮಾಂಸವೆಂದು ಲೆಕ್ಕ ಹಿಡಿಯುವುದಕ್ಕಿಂತ ಒಗ್ಗರಣೆಯೆಂದು ಲೆಕ್ಕ ಹಿಡಿಯುವುದೇ ಜಾಣತನ. ಸಾಸೇಜು ತಿಂದು ಬೆಳೆದ ನಾಡುಗಳ ರೈತರು ಮಾಡಿದ್ದೂ ಅದನ್ನೇ. ನೈಋತ್ಯ ಫ್ರಾನ್ಸಿನ ಕಾಸ್ತೆಲ್‌ನೋದಾರಿ, ತುಲೂಸ್ ಪಟ್ಟಣಗಳ ಕಡೆ ಮಾಡುವ ಕಸೂಲೆ ಎಂಬ ಪದಾರ್ಥದಲ್ಲಿ ಪಾತ್ರೆ ತುಂಬುವುದು ಬಿಳಿ ಬೀನ್ಸ್ ಕಾಳಿನಿಂದ. ಸಾಸೇಜು, ಹಂದಿಮಾಂಸ, ಬಾತುಕೋಳಿಯ ತುಂಡುಗಳು ಕಾಳಿಗೆ ರುಚಿ ಕೊಡಲು ಇರುತ್ತವೆ. ಕಸೋಲ್ ಎಂಬ ಅಗಲ ಬಾಯಿಯ ಮಣ್ಣಿನ ಪಾತ್ರೆಯಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಜರ್ಮನಿಯಲ್ಲಿ ಐನ್‌ಟಾಪ್ ಎನ್ನುತ್ತಾರೆ. 'ಒಂದೇ ಪಾತ್ರೆ' ಎಂದರ್ಥ. ಮಸೂರದಂಥ ಬೇಳೆ, ಆಲೂಗೆಡ್ಡೆ, ಕ್ಯಾರೆಟ್ ಬೆಂದ ಮೇಲೆ ಸಾಸೇಜು ಸೇರಿಸಿ, ಕಡೆಯಲ್ಲಿ ಸ್ವಲ್ಪ ವಿನೆಗರ್ ಬಿಟ್ಟು ಇಳಿಸುತ್ತಾರೆ. ಈ 'ಕಡೆಯಲ್ಲಿ' ಎಂಬ ಮಾತನ್ನು ನೆನಪಿಡಿ, ಮುಂದೆ ಅದರ ಅಗತ್ಯವಿದೆ.

ನಮಗೆ ಹತ್ತಿರದ್ದೆಂದರೆ ಗೋವಾದ ಫೆಜುವಾದ. ಪೋರ್ಚುಗೀಸರ ಭಾಷೆಯಲ್ಲಿ ಬೀನ್ಸ್ ಕಾಳಿಗೆ ಇರುವ ಹೆಸರಿನಿಂದಲೇ ಈ ಪದ ಹುಟ್ಟಿದೆ. 1510ರಲ್ಲಿ ಗೋವಾವನ್ನು ವಶಪಡಿಸಿಕೊಂಡ ಅವರು 1961ರವರೆಗೆ ಅಲ್ಲಿದ್ದರು. ಮೆಣಸಿನಕಾಯಿ, ರಾಜ್ಮಾ, ಆಲೂಗೆಡ್ಡೆ, ಟೊಮೇಟೊ ಇವೆಲ್ಲ ಅಮೆರಿಕ ಖಂಡದ ಮೂಲದವು. ಸಮುದ್ರ ದಾಟಿ ನಮ್ಮಲ್ಲಿಗೆ ಬಂದವು. ಅವರು ಇಲ್ಲಿಗೆ ಬಂದುದು ಯಾವುದಕ್ಕೆ? ನಮ್ಮ ಕಾಳುಮೆಣಸಿಗೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಹೀಗಾಗಿ ಫೆಜುವಾದದ ಪಾತ್ರೆಯನ್ನು ಪರದೇಶದ್ದೆಂದು ದೂರ ಇಡುವುದು ಸರಿಯಲ್ಲ. ಅದರ ಸಾಸೇಜಿಗೆ ಬೀಳುವ ಮೆಣಸು ಇಂದಿಗೂ ನಮ್ಮ ಸಿಲ್ವರ್ ಓಕ್ ಮರಗಳನ್ನು ಹಬ್ಬಿಕೊಂಡಿದೆ.

ಚೋರೀಸು ಮಾಡುವ ಕ್ರಮದಲ್ಲೇ ಮಳೆಗಾಲದ ಲೆಕ್ಕಾಚಾರ ಅಡಗಿದೆ. ಹಂದಿಯ ಮಾಂಸವನ್ನೂ ಕೊಬ್ಬನ್ನೂ ಕೈಯಲ್ಲೇ ಸಣ್ಣ ತುಂಡು ಮಾಡಿ ಉಪ್ಪು ಹಾಕಿಡುತ್ತಾರೆ. ಒಣಮೆಣಸಿನಕಾಯಿ, ಅರಿಸಿನ, ಜೀರಿಗೆ, ಕಾಳುಮೆಣಸು, ಲವಂಗ, ಚಕ್ಕೆ, ಶುಂಠಿ, ಬೆಳ್ಳುಳ್ಳಿಗಳನ್ನು ತೆಂಗಿನ ಕಳ್ಳಿನ ವಿನೆಗರಿನಲ್ಲಿ ಅರೆದು ಹಚ್ಚುತ್ತಾರೆ. ಆಮೇಲೆ ತೊಳೆದ ಕರುಳಿಗೆ ತುಂಬಿ, ದಾರದಿಂದ ಮಣಿಮಣಿಯಾಗಿ ಕಟ್ಟಿ, ಬಿಸಿಲಿನಲ್ಲಿ ಒಣಗಿಸುತ್ತಾರೆ, ಹೊಗೆಗೂ ಕಟ್ಟುತ್ತಾರೆ. ನಾವು ಹಪ್ಪಳ ಸಂಡಿಗೆ ಮಾಡಿಟ್ಟುಕೊಳ್ಳುವ ಮೇ ತಿಂಗಳಲ್ಲೇ ಅವರೂ ಮಳೆಗಾಲದ ದಾಸ್ತಾನು ಮಾಡಿಕೊಳ್ಳುತ್ತಾರೆ. ಅದಕ್ಕೆ ಅವರು ಪುರುಮೆಂತ್ ಎನ್ನುತ್ತಾರೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶ: ಒಣಗಿದ್ದರೂ ಹೊಗೆ ಹಿಡಿದಿದ್ದರೂ ಗೋವಾದ ಚೋರೀಸು ಹಸಿಯೇ. ಅದನ್ನು ಬೇಯಿಸಿಯೇ ತಿನ್ನಬೇಕು. ಪೇಟೆಯ ಪೊಟ್ಟಣಗಳಲ್ಲಿ ಎರಡು ಜಾತಿ ಇವೆ. ಫ್ರಾಂಕ್‌ಫರ್ಟರ್‌ನಂಥ ನುಣುಪಾದವುಗಳನ್ನು ಮೊದಲೇ ಬೇಯಿಸಿರುತ್ತಾರೆ. ಇವನ್ನು ಕಡೆಯ ಹತ್ತು ನಿಮಿಷ ಪಾತ್ರೆಗೆ ಹಾಕಿ ಚೆನ್ನಾಗಿ ಬಿಸಿ ಮಾಡಿದರೆ ಸಾಕು. ಗಂಟೆಗಟ್ಟಲೆ ಕುದಿಸಿದರೆ ಒಡೆದು ಸಪ್ಪೆಯಾಗುತ್ತವೆ. ಇನ್ನೊಂದು ಹಸಿ ಮಾಂಸದ ಸಾಸೇಜು. ಇದನ್ನು ಸಣ್ಣ ಉರಿಯಲ್ಲಿ ಎಲ್ಲ ಕಡೆ ಕೆಂಪಗೆ ಹುರಿದು ಅನಂತರ ರಸದಲ್ಲಿ ಬೇಯಿಸಬೇಕು. ದೊಡ್ಡ ಉರಿಯಲ್ಲಿ ಹೊರಚರ್ಮ ಕುಗ್ಗುತ್ತದೆ, ಒಳಗಿನ ನೀರು ಆವಿಯಾಗಿ ಹಿಗ್ಗುತ್ತದೆ, ಸಾಸೇಜು ಸೀಳುತ್ತದೆ. ಯಾವ ಜಾತಿಯದು ಎಂಬುದನ್ನು ಪೊಟ್ಟಣದ ಮೇಲೆ ಓದಿ ನೋಡುವುದು ಒಳ್ಳೆಯದು. ಮಕ್ಕಳ ಬಾಯಿಮಾತನ್ನು ಈ ವಿಷಯದಲ್ಲಿ ನಂಬಬೇಡಿ.

ಇನ್ನು ಕಾಳಿನ ವಿಚಾರ. ಸ್ಟ್ಯೂ ಕೆಡುವುದು ಬಹುಮಟ್ಟಿಗೆ ಸಾಸೇಜಿನಿಂದಲ್ಲ, ಕಾಳಿನಿಂದ. ರಾಜ್ಮಾ ಕಾಳಿನಲ್ಲಿ, ಅದರಲ್ಲೂ ಕೆಂಪು ಜಾತಿಯದರಲ್ಲಿ, ಲೆಕ್ಟಿನ್ ಎಂಬ ಒಂದು ವಿಷವಸ್ತು ಇದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ವಾಂತಿ ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕುದಿಕುದಿಯಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಯದ ಮಂದ ಶಾಖದಲ್ಲಿ, ಉದಾಹರಣೆಗೆ 80 ಡಿಗ್ರಿಯಲ್ಲಿ, ಅದು ನಾಶವಾಗದೆ ಉಳಿಯಬಹುದು. ಹಸಿ ಕಾಳಿಗಿಂತಲೂ ಹೆಚ್ಚು ವಿಷಕರವಾಗುವುದುಂಟು. ಬಚ್ಚಲೊಲೆಯ ಕೆಂಡದ ಮೇಲೆ ಪಾತ್ರೆ ಇಟ್ಟು ರಾತ್ರಿಯಿಡೀ ಬೇಯಲಿ ಎಂದು ಮಲಗುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮೊದಲು ಚೆನ್ನಾಗಿ ಕುದಿಸದೆ ರಾಜ್ಮಾಕ್ಕೆ ಹೀಗೆ ಮಾಡಲೇಬಾರದು. ವಿದ್ಯುತ್ತಿನ ನಿಧಾನ ಕುಕ್ಕರುಗಳಿಗೂ ಇದೇ ಮಾತು. ಪ್ರೆಷರ್ ಕುಕ್ಕರಿನಲ್ಲಿ ಈ ಭಯವಿಲ್ಲ.

ಬೆಟ್ಟದ ಮೇಲಿರುವ ನಮಗೆ ಕುಕ್ಕರಿನಿಂದ ಇನ್ನೊಂದು ಪ್ರಯೋಜನವೂ ಇದೆ. ಸಮುದ್ರಮಟ್ಟದಿಂದ 300 ಮೀಟರ್ ಏರಿದಂತೆ ನೀರು ಕುದಿಯುವ ಶಾಖ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಡಿಕೇರಿಯಂಥ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನಲ್ಲಿ ಒಂದು ಗಂಟೆಯಲ್ಲಿ ಬೆಂದ ಕಾಳು ಇಲ್ಲಿ ಅಷ್ಟರಲ್ಲಿ ಬೇಯದಿದ್ದರೆ ಸೊಸೆಯನ್ನು ದೂರಬೇಕಾಗಿಲ್ಲ.

ಕಾಳು ಮೆತ್ತಗಾಗದಿರಲು ಬೇರೆ ಕಾರಣಗಳೂ ಇವೆ. ಸೆಕೆ ಮತ್ತು ತೇವದಲ್ಲಿ ಬಹುಕಾಲ ಇಟ್ಟ ಕಾಳು ಗಟ್ಟಿಯಾಗಿಬಿಡುತ್ತದೆ. ಮಲೆನಾಡಿನ ಉಗ್ರಾಣದಲ್ಲಿ ಇದು ಸಾಮಾನ್ಯ. ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರಿನ ಸುಣ್ಣದಂಶವೂ ಕಾಳನ್ನು ಬೇಗ ಬೇಯಗೊಡದು. ಎಲ್ಲಕ್ಕಿಂತ ಮುಖ್ಯ ಕಾರಣ ಹುಳಿ. ವಿನೆಗರ್, ಟೊಮೇಟೊ, ಹುಣಸೆ ಯಾವುದೇ ಇರಲಿ, ಹುಳಿ ಬಿದ್ದೊಡನೆ ಕಾಳು ಮೆತ್ತಗಾಗುವ ಕೆಲಸ ನಿಧಾನವಾಗುತ್ತದೆ. ಚೋರೀಸಿನೊಳಗೇ ವಿನೆಗರ್ ಇದೆಯಷ್ಟೆ? ಅದನ್ನೂ ಕಾಳನ್ನೂ ಮೊದಲೇ ಒಟ್ಟಿಗೆ ಹಾಕಿದರೆ ಮಾಂಸ ಬೆಂದು ನಾರಾದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಜರ್ಮನಿಯವರು ವಿನೆಗರನ್ನು ಕಡೆಯಲ್ಲಿ ಬಿಡುವುದರ ಮರ್ಮ ಇದೇ. ಉಪ್ಪಿನ ಮೇಲೆ ಮಾತ್ರ ಅನ್ಯಾಯವಾದ ಆರೋಪವಿದೆ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಇನ್ನಷ್ಟು ಮೃದುವಾಗುತ್ತದೆ. ಅಡುಗೆ ಸೋಡದಿಂದಲೂ ಕಾಳು ಬೇಗ ಬೇಯುತ್ತದೆ, ಆದರೆ ಬಿ ಜೀವಸತ್ವ ಹಾಳಾಗುತ್ತದೆ. ನಮಗೆ ಅದು ಹಿಡಿಸದು.

ಈಗ ಮಾಡುವ ಕ್ರಮ. ಆರೇಳು ಮಂದಿಗೆ 300 ಗ್ರಾಂ ರಾಜ್ಮಾ, 250 ಗ್ರಾಂ ಚೋರೀಸು, ಮೂರು ಈರುಳ್ಳಿ, ಎರಡು ಟೊಮೇಟೊ, ಎರಡು ಆಲೂಗೆಡ್ಡೆ, ಏಳೆಂಟು ಎಸಳು ಬೆಳ್ಳುಳ್ಳಿ ಸಾಕು. ರಾತ್ರಿ ನೆನೆಸಿದ ಕಾಳನ್ನು ಹೊಸ ನೀರಿನಲ್ಲಿ, ಆಲೂಗೆಡ್ಡೆ ಹಾಕದೆ, ಕುಕ್ಕರಿನಲ್ಲಿ ಬೆರಳಿನಿಂದ ಹಿಸುಕಿದರೆ ಕರಗುವಷ್ಟು ಬೇಯಿಸಿ. ಬೆಂದ ನೀರನ್ನು ಚೆಲ್ಲಬೇಡಿ. ಇನ್ನೊಂದು ದಪ್ಪ ತಳದ ಪಾತ್ರೆಯಲ್ಲಿ, ದಾರ ಮತ್ತು ಚರ್ಮ ತೆಗೆದು ಬಿಡಿಸಿದ ಚೋರೀಸನ್ನು ಅರ್ಧ ಲೋಟ ನೀರಿನೊಂದಿಗೆ ಇಡಿ. ಎಣ್ಣೆ ಒಂದು ಹನಿಯೂ ಬೇಡ. ನೀರು ಸಣ್ಣಗೆ ಕುದಿಯುತ್ತಿದ್ದಂತೆ ಕೊಬ್ಬು ಕರಗಿ ಹೊರಬರುತ್ತದೆ. ಮೊದಲೇ ಬಾಣಲೆಗೆ ಒಣಗಿ ಹಾಕಿದರೆ ಕೊಬ್ಬು ಬಿಡುವ ಮುನ್ನ ಮೆಣಸಿನಕಾಯಿ ಕರಟಿ ಕಹಿಯಾಗುತ್ತದೆ. ನೀರು ಬತ್ತಿದ ಮೇಲೆ ಆ ಕೆಂಪು ಕೊಬ್ಬಿನಲ್ಲೇ ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಕೊಬ್ಬು ಹೆಚ್ಚೆನಿಸಿದರೆ ಒಂದೆರಡು ಸೌಟು ತೆಗೆದಿಡಿ. ಮರುದಿನದ ಪಲ್ಯಕ್ಕೆ ಆಗುತ್ತದೆ. ಟೊಮೇಟೊ, ಆಲೂಗೆಡ್ಡೆ, ಬೆಂದ ಕಾಳು, ಅದರ ನೀರು ಎಲ್ಲ ಸೇರಿಸಿ ಮುಚ್ಚಿ, ಸಣ್ಣ ಕುದಿಯಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಿ. ಈ ಹೊತ್ತಿನಲ್ಲಿ ಮಾಂಸದ ನಾರಿನಂಶ ನಿಧಾನವಾಗಿ ಅಂಟಾಗಿ ಕರಗಿ ರಸಕ್ಕೆ ಮಂದತನ ಕೊಡುತ್ತದೆ. ಒಂದು ಸೌಟು ಕಾಳನ್ನು ಮಸೆದು ಹಾಕಿದರೆ ಇನ್ನೂ ಚೆನ್ನ. ಉಪ್ಪನ್ನು ಇಳಿಸುವ ಮುನ್ನ ರುಚಿ ನೋಡಿಯೇ ಹಾಕಿ. ಅನೇಕ ಸಲ ಬೇಕಾಗುವುದೇ ಇಲ್ಲ. ಪೇಟೆಯ ಸಪ್ಪೆ ಸಾಸೇಜಾದರೆ ಕೊನೆಯಲ್ಲಿ ಹೊಸದಾಗಿ ಕುಟ್ಟಿದ ಕಾಳುಮೆಣಸು, ಎರಡು ಚಮಚ ವಿನೆಗರ್ ಬೇಕು. ಕೊಡಗಿನ ಮನೆಗಳಲ್ಲಿ ಕಾಚಂಪುಳಿ ಇದ್ದೇ ಇರುತ್ತದೆ, ಅದಾದರೆ ಕೆಲವೇ ಹನಿ. ಅನ್ನಕ್ಕಿಂತ ಅಕ್ಕಿರೊಟ್ಟಿಗೆ ಇದು ಹೆಚ್ಚು ಒಪ್ಪುತ್ತದೆಂಬುದು ನಮ್ಮ ಅಭಿಪ್ರಾಯ.

ಹಂದಿ ತಿನ್ನದವರು ಕೋಳಿಯ ಸಾಸೇಜಿನಲ್ಲಿ ಮಾಡಬಹುದು. ಅದರಲ್ಲಿ ಕೊಬ್ಬು ಕಡಿಮೆ, ಎಣ್ಣೆ ಹಾಕಬೇಕಾಗುತ್ತದೆ. ಸಸ್ಯಾಹಾರಿಗಳು ಅಲಸಂದೆಯ ಜೊತೆ ಹಲಸಿನ ಬೀಜ ಬೇಯಿಸಿ, ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸು ಹುರಿದು ಸೇರಿಸಿದರೆ ಅದೇ ಬಗೆಯ ಗಟ್ಟಿ ಪದಾರ್ಥವಾಗುತ್ತದೆ. ಮಣ್ಣು ಸವರಿ ಇಟ್ಟ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಹಂದಿಮಾಂಸ ಪೂರ್ತಿ ಬೇಯಬೇಕೆಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ರೋಗ ತಗುಲಿದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಅಕ್ಕಿಕಾಳಿನಂಥ ಗುಳ್ಳೆಗಳಾಗಿ ಇರುತ್ತವೆ. ಅರೆಬೆಂದ ಮಾಂಸ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದಕ್ಕಿಂತ ಘೋರವಾದದ್ದು ಮುಂದಿನ ಹಂತ. ಆತನ ಮಲದಲ್ಲಿ ಹೊರಬೀಳುವ ಮೊಟ್ಟೆಗಳು ನೀರು, ಸೊಪ್ಪು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತವೆ. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಇದು ಒಂದು ಮುಖ್ಯ ಕಾರಣ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಒಂದೇ ತೋಟದ ಒಂದೇ ನೀರು ಬಳಸುವ ಮನೆಯವರು, ಲೈನಿನವರು ಎಲ್ಲರಿಗೂ ಸೇರಿದ ವಿಷಯ ಎಂದದ್ದು ಇದಕ್ಕಾಗಿಯೇ. ಪಾಯಿಖಾನೆ, ಸಾಬೂನು, ಪೂರ್ತಿ ಬೆಂದ ಮಾಂಸ, ಮೂರೂ ಬೇಕು.

ಬೆಂದಿದೆಯೆಂದು ತಿಳಿಯುವುದು ಹೇಗೆ? ತುಂಡಿನ ನಡುವೆ 71 ಡಿಗ್ರಿ ಶಾಖ ಮುಟ್ಟಬೇಕೆಂಬುದು ಲೆಕ್ಕ. ಬಣ್ಣ ನೋಡಿ ನಿರ್ಧರಿಸುವ ಹಾಗಿಲ್ಲ. ಚೋರೀಸು ಮೆಣಸಿನಕಾಯಿಯಿಂದ ಕೆಂಪಗೇ ಇರುತ್ತದೆ. ಪೇಟೆಯ ಸಾಸೇಜು ಅದಕ್ಕೆ ಸೇರಿಸುವ ನೈಟ್ರೈಟ್ ಉಪ್ಪಿನಿಂದ ಬೆಂದ ಮೇಲೂ ನಸುಗೆಂಪಾಗಿ ಉಳಿಯುತ್ತದೆ. ಉಪ್ಪು, ಹೊಗೆಗಳನ್ನೂ ನಂಬುವಂತಿಲ್ಲ. ಗಡಿಯಾರ ನೋಡಿ ಅರ್ಧ ಗಂಟೆ ಕುದಿಸುವುದೇ ಭದ್ರ.

ಇದನ್ನು ಓದಿ ಮನೆಯಲ್ಲೇ ಒಣ ಸಾಸೇಜು ಮಾಡಿ ನೋಡೋಣವೆಂದು ಉತ್ಸಾಹಪಡುವ ಸದಸ್ಯರೂ ಇರಬಹುದು. ನಮ್ಮ ಮಳೆಗಾಲದ ತೇವದಲ್ಲಿ ದಯವಿಟ್ಟು ಬೇಡ. ಗಾಳಿಯಾಡದ ಮಾಂಸದಲ್ಲಿ ಬೆಳೆಯುವ ಒಂದು ಸೂಕ್ಷ್ಮಾಣು ನರಗಳನ್ನು ಸೋಲಿಸುವ ವಿಷ ಉಂಟುಮಾಡುತ್ತದೆ. ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ 1820 ಮತ್ತು 1822ರಲ್ಲಿ ಇದನ್ನು 'ಸಾಸೇಜು ವಿಷ'ವೆಂದೇ ವಿವರಿಸಿದ. ಬೊಟುಲಿಸಂ ಎಂಬ ಹೆಸರು ಬಂದಿರುವುದು ಸಾಸೇಜಿಗೆ ಲ್ಯಾಟಿನ್ನಿನಲ್ಲಿರುವ ಪದದಿಂದಲೇ. ಇದನ್ನು ತಡೆಯಲು ಹಾಕುವ ನೈಟ್ರೈಟ್‌ಗೂ ಅದರದೇ ದೋಷವಿದೆ. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಘೋಷಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆಂದು ಅವರ ಲೆಕ್ಕ. ಹೀಗಾಗಿ ಸಾಸೇಜು ಅಪರೂಪಕ್ಕೆ ಇರಲಿ, ಪಾತ್ರೆಯಲ್ಲಿ ಕಾಳೇ ಹೆಚ್ಚಿರಲಿ.

ಉಳಿದದ್ದನ್ನು ಒಲೆಯ ಮೇಲೆಯೇ ಬಿಟ್ಟು ಮಲಗಬೇಡಿ. ದೊಡ್ಡ ಪಾತ್ರೆ ಆರುವುದು ನಿಧಾನ. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳ ಬೀಜಕಗಳು ಆ ಉಗುರುಬೆಚ್ಚಗಿನ ಹೊತ್ತಿನಲ್ಲೇ ಮೊಳೆತು ವೃದ್ಧಿಯಾಗುತ್ತವೆ. ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮಾರನೆಯ ದಿನ ಕುದಿ ಬರುವಂತೆ ಕಾಯಿಸಿ. ಕರೆಂಟಿಲ್ಲದ ದಿನ ಒಂದೇ ಹೊತ್ತಿಗೆ ಆಗುವಷ್ಟು ಮಾತ್ರ ಮಾಡಿ.

ಹಂದಿ ಸಾಕಿರುವ ಸದಸ್ಯರು ಸಾಸೇಜಿನ ಚರ್ಮ, ತುಂಡು, ತೊಳೆದ ನೀರು ಯಾವುದನ್ನೂ ಹಂದಿಗೂಡಿನ ಬಾನಿಗೆ ಸುರಿಯಬಾರದು. 2020ರಲ್ಲಿ ನಮ್ಮ ದೇಶದ ಈಶಾನ್ಯ ರಾಜ್ಯಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರದ ವೈರಸ್ಸು ಉಪ್ಪು ಹಚ್ಚಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ಹಂದಿಗಳಿಗೆ ಬಂದರೆ ಗೂಡಿಗೆ ಗೂಡೇ ಖಾಲಿ. ಅಂಥ ಮುಸುರೆಯನ್ನು ಆಳವಾದ ಗುಂಡಿಯಲ್ಲಿ ಹೂಳಿ, ನಾಯಿ ಕೆದರದಂತೆ ಮೇಲೊಂದು ಕಲ್ಲು ಹೇರಿ.